ಜೀನಿ ಎಡಿಟರ್: ಬಿಲ್ಡ್ ಕಮಾಂಡಿನಲ್ಲಿ %ಪಿ ಹಾಕಿದರೆ ನೋ ಸಚ್ ಫೈಲ್

ಪ್ರಶ್ನೆ

ಉಬುಂಟುವಿನಲ್ಲಿ ಜೀನಿ ಬಳಸಿ ಸಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಸೋರ್ಸ್ ಫೈಲುಗಳು ಎಸ್‌ಆರ್‌ಸಿ ಫೋಲ್ಡರಿನಲ್ಲಿವೆ, ಕಂಪೈಲ್ ಆದದ್ದು ಪಕ್ಕದ ಬಿನ್ ಫೋಲ್ಡರಿಗೆ ಹೋಗಬೇಕು. ಬಿಲ್ಡ್ ಸಾಲಿನಲ್ಲಿ ಹೀಗೆ ಕೊಟ್ಟಿದ್ದೇನೆ:

ಜಿಸಿಸಿ -ಓ %ಪಿ/ಬಿನ್/%ಇ %ಎಫ್

ಒಮ್ಮೊಮ್ಮೆ ಆಗುತ್ತದೆ, ಒಮ್ಮೊಮ್ಮೆ ನೋ ಸಚ್ ಫೈಲ್ ಎನ್ನುತ್ತದೆ. "ಬಡ್ಡಿ ಲೆಕ್ಕ" ಎಂಬ ಫೈಲಿಗಂತೂ ಯಾವಾಗಲೂ ಅದೇ. ಸುಡೋ (ನಿರ್ವಾಹಕರ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಬೇಕಾ?

ಉತ್ತರ 1

ಸುಡೋ ಖಂಡಿತ ಬೇಡ. %ಪಿ ಅಂದರೆ ತೆರೆದಿರುವ ಪ್ರಾಜೆಕ್ಟಿನ ಮೂಲ ಫೋಲ್ಡರ್. ಪ್ರಾಜೆಕ್ಟ್ ತೆರೆಯದೆ ಬರೀ ಫೈಲ್ ತೆರೆದು ಎಫ್9 ಒತ್ತಿದರೆ ಆ ಜಾಗಕ್ಕೆ ಫೈಲ್ ಇರುವ ಫೋಲ್ಡರೇ ಬರುತ್ತದೆ. ಆಗ ಜಿಸಿಸಿ (ಸಿ ಕಂಪೈಲರ್) ಸೋರ್ಸ್ ಫೋಲ್ಡರಿನ ಒಳಗೆ ಬಿನ್ ಹುಡುಕುತ್ತದೆ, ಅಲ್ಲಿ ಅದು ಇಲ್ಲ! ಪ್ರಾಜೆಕ್ಟ್ ಇಲ್ಲದೆಯೂ ನಡೆಯಬೇಕೆಂದರೆ ಫೈಲ್ ಇರುವ ಫೋಲ್ಡರನ್ನು ಕೊಡುವ %ಡಿ ಹಿಡಿಯಿರಿ (%ಎಫ್ ಅಂದರೆ ಫೈಲಿನ ಹೆಸರು, %ಇ ಅಂದರೆ ಕೊನೆಯ .ಸಿ ಇಲ್ಲದ ಹೆಸರು):

ಜಿಸಿಸಿ -ವಾಲ್ -ಓ "%ಡಿ/../ಬಿನ್/%ಇ" "%ಎಫ್"

% ಮುಂದಿನ ಅಕ್ಷರಗಳು ಇಂಗ್ಲಿಷಿನ ಸಣ್ಣಕ್ಷರದಲ್ಲೇ ಇರಬೇಕು. ಉದ್ಧರಣ ಚಿಹ್ನೆಯನ್ನು ಜೀನಿ ತಾನಾಗಿ ಸೇರಿಸುವುದಿಲ್ಲ. ಅದಿಲ್ಲದಿದ್ದರೆ "ಬಡ್ಡಿ ಲೆಕ್ಕ" ಶೆಲ್ಲಿಗೆ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಮಿಗೆ) ಎರಡು ಬೇರೆ ಫೈಲಾಗಿ ಕಾಣುತ್ತದೆ. ನಿಮ್ಮ ಎರಡನೇ ತೊಂದರೆ ಅದೇ.

ಉತ್ತರ 2

ಬಿನ್ ಫೋಲ್ಡರ್ ಮೊದಲೇ ಇರಬೇಕು, ಜಿಸಿಸಿ ಅದನ್ನು ಮಾಡಿಕೊಡುವುದಿಲ್ಲ. ಸಾಲಿನ ಮುಂದೆ ಎಂಕೆಡಿರ್ -ಪಿ "%ಡಿ/../ಬಿನ್" && ಸೇರಿಸಿ.

ವರ್ಕಿಂಗ್ ಡೈರೆಕ್ಟರಿ ಕಾಲಂ ಖಾಲಿ ಬಿಟ್ಟರೆ ಕಮಾಂಡ್ ಫೈಲಿನ ಫೋಲ್ಡರಿನಲ್ಲೇ ಓಡುತ್ತದೆ. ಅಲ್ಲಿ %ಪಿ ತುಂಬಿದವರಿಗೆ ಫೈಲೇ ಸಿಗುವುದಿಲ್ಲ, ಯಾಕೆಂದರೆ %ಎಫ್ ಬರೀ ಹೆಸರು, ದಾರಿ ಅದರಲ್ಲಿಲ್ಲ. ಆಗ "%ಡಿ/%ಎಫ್" ಬರೆಯಬೇಕು.

ಪ್ರಶ್ನೆ ಕೇಳಿದವರು

ಬಿಲ್ಡ್ ಸರಿಹೋಯಿತು, ಧನ್ಯವಾದ. ಆದರೆ ಎಫ್5 ಒತ್ತಿದರೆ ಹಳೆಯ ಔಟ್‌ಪುಟ್ಟೇ ಬರುತ್ತಿದೆ.

ಉತ್ತರ 1

ಎಕ್ಸಿಕ್ಯೂಟ್ ಸಾಲಿನಲ್ಲಿ ಇನ್ನೂ "./%ಇ" ಇರುತ್ತದೆ. ಎಸ್‌ಆರ್‌ಸಿಯಲ್ಲಿ ಹಿಂದೆ ಉಳಿದಿದ್ದ ಪ್ರೋಗ್ರಾಮನ್ನು ಅದು ಓಡಿಸುತ್ತಿದೆ. ಅದನ್ನು ಅಳಿಸಿ, ಬಿಲ್ಡ್ ಮೆನುವಿನ ಸೆಟ್ ಬಿಲ್ಡ್ ಕಮಾಂಡ್ಸ್‌ನಲ್ಲಿ ಕೆಳಗಿನ ಎಕ್ಸಿಕ್ಯೂಟ್ ಸಾಲಿಗೆ "%ಡಿ/../ಬಿನ್/%ಇ" ಕೊಡಿ. ಪ್ರಾಜೆಕ್ಟ್ ತೆರೆದಿರುವಾಗ ಬದಲಿಸಿದ್ದು ಆ ಪ್ರಾಜೆಕ್ಟಿಗೆ ಮಾತ್ರ, ಹಾಗಾಗಿ ಮುಚ್ಚಿಯೂ ಒಮ್ಮೆ ನೋಡಿ.

ಉತ್ತರ 3

ಅನುಮಾನ ಬಂದರೆ ಖಾಲಿ ಇರುವ ಒಂದು ಬಿಲ್ಡ್ ಸಾಲಿನಲ್ಲಿ ಎಕೋ "%ಡಿ" "%ಇ" "%ಎಫ್" "%ಪಿ" ಹಾಕಿ ಓಡಿಸಿ. ಯಾವುದರ ಜಾಗಕ್ಕೆ ಏನು ಬಂತೆಂದು ಕೆಳಗಿನ ಕಂಪೈಲರ್ ಟ್ಯಾಬಿನಲ್ಲಿ ಕಾಣುತ್ತದೆ. ಔಟ್‌ಪುಟ್ ಹೆಸರಿಗೆ ತಾರೀಕು ಸೇರಿಸಲು ಡೇಟ್ +%ಡಿ ಬರೆದರೆ ಅಲ್ಲೂ ಫೋಲ್ಡರಿನ ದಾರಿಯೇ ತುಂಬುತ್ತದೆ. ಅಂಥದ್ದನ್ನು ಬೇರೆ ಶೆಲ್ ಸ್ಕ್ರಿಪ್ಟಿನಲ್ಲಿಟ್ಟು, ಇಲ್ಲಿಂದ ಅದನ್ನು ಕರೆಯಿರಿ.