‘ಕಾಗೆ ಹಾರಿದ ದೂರ’ ಬೇಡ, ಬೇರೆ ಏನಿದೆ?

ಎಲ್ಲರಿಗೂ ನಮಸ್ಕಾರ. ಮುಂಬೈ ಪಕ್ಕದ ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ಇಲ್ಲಿನ ಕನ್ನಡ ಮಕ್ಕಳಿಗಾಗಿ ನಕಾಶೆಯ ಬಗ್ಗೆ ಪುಟ್ಟ ಲೇಖನ ಬರೆಯಲು ಕೂತವಳು ಎರಡು ಪದ ಸಿಗದೆ ಒದ್ದಾಡುತ್ತಿದ್ದೇನೆ: ಎರಡು ಊರುಗಳ ನಡುವಿನ ನೇರ ದೂರಕ್ಕೆ ಒಂದು, ವಿಮಾನಕ್ಕೆ ಹಿಡಿಯುವ ಸಮಯಕ್ಕೆ ಇನ್ನೊಂದು.

ಉದಾಹರಣೆಗೆ ತೆಗೆದುಕೊಂಡಿದ್ದು ಭೂಮಿಯ ನೆತ್ತಿಯ ಹತ್ತಿರದ ಎರಡು ವಿಮಾನ ನಿಲ್ದಾಣ. ಒಂದು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿರುವ ಲಾಂಗ್‌ಇಯರ್‌ಬೈನ್, ಇನ್ನೊಂದು ಅಲಾಸ್ಕದ ಉಟ್ಕಿಯಾಗ್ವಿಕ್. ಗೋಡೆಯ ನಕಾಶೆಯಲ್ಲಿ ಸ್ಕೇಲಿಟ್ಟು ಅಡ್ಡಗೆರೆ ಎಳೆದರೆ ಅರ್ಧ ಜಗತ್ತು ದಾಟಬೇಕು. ಮಗಳ ಗ್ಲೋಬ್ ಮೇಲೆ ಹೂ ಕಟ್ಟುವ ದಾರ ಹಿಡಿದು ಬಿಗಿಯಾಗಿ ಎಳೆದೆ. ದಾರ ಸೀದಾ ಮೇಲೆ ಹೋಗಿ, ಗ್ಲೋಬಿನ ನೆತ್ತಿಯ ಮೊಳೆಗೆ ತಾಗಿಕೊಂಡು ಆ ಕಡೆ ಇಳಿಯಿತು! ಅಕ್ಷಾಂಶ, ರೇಖಾಂಶ ಹಾಕಿ ಲೆಕ್ಕ ಮಾಡಿದರೆ ಸುಮಾರು 3,380 ಕಿ.ಮೀ. ಬರುತ್ತದೆ. ಉತ್ತರ ಧ್ರುವದಿಂದ ನೂರು ಕಿ.ಮೀ. ಚಿಲ್ಲರೆ ದೂರದಲ್ಲಿ ಹಾಯುವ ದಾರಿ.

ಈ ದೂರಕ್ಕೆ ಏನನ್ನಬೇಕು? ಗಣಿತದವರ ‘ಮಹಾವೃತ್ತ’ (ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತ) ಐದನೇ ಕ್ಲಾಸಿನ ಮಕ್ಕಳಿಗೆ ಜಾಸ್ತಿಯಾಯಿತು. ‘ಕಾಗೆ ಹಾರಿದ ದೂರ’ ಎಂದು ಅಲ್ಲಲ್ಲಿ ಓದಿದ್ದೇನೆ, ಅದು ಇಂಗ್ಲಿಷಿನ ಕಾಗೆ. ನಮ್ಮ ಕಾಗೆ ಎಲ್ಲಿ ನೇರ ಹಾರುತ್ತದೆ, ಅಲ್ವಾ? ‘ವಾಯುಮಾರ್ಗದ ದೂರ’ ಎನ್ನಬಹುದು. ಆದರೆ ವಿಮಾನಗಳು ಹೋಗುವ ಗೊತ್ತುಪಡಿಸಿದ ದಾರಿಗೂ ಅದೇ ಮಾತು, ಆ ದಾರಿ ಸುತ್ತುಬಳಸು. ನನ್ನ ಬಾಯಿಗೆ ಮೊದಲು ಬಂದದ್ದು ‘ಹವಾಯಿ ಅಂತರ’, ಮುಂಬೈ ನೀರಿನ ಗುಣ. ಮರಾಠಿಯಲ್ಲಿ ಹವಾಯಿ ಅಂದರೆ ಗಾಳಿಯ, ಅಂತರ ಅಂದರೆ ದೂರ. ಕನ್ನಡದಲ್ಲಿ ಹಾಗೆ ಬರೆದರೆ ಹವಾಯಿ ದ್ವೀಪಕ್ಕೂ ನಮಗೂ ಏನೋ ವ್ಯತ್ಯಾಸ ಎಂದಂತಾಗುತ್ತದೆ.

ನಮ್ಮ ಹಳೆಯ ಮಾತುಗಳೆಲ್ಲ ನೆಲದ ಮೇಲಿನವು. ಕೂಗಳತೆ ಕಿವಿಯ ಲೆಕ್ಕ, ಹರದಾರಿ ಕಾಲಿನ ಲೆಕ್ಕ. ಹರದಾರಿಯಲ್ಲಿ ‘ದಾರಿ’ಯೇ ಇದೆ, ನಡೆಯದೆ ಅದು ಮುಗಿಯುವುದಿಲ್ಲ. ಸದ್ಯಕ್ಕೆ ‘ದಾರದಳತೆ’ ಎಂದು ಬರೆದುಕೊಂಡಿದ್ದೇನೆ. ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣಕ್ಕೆ ರೈಲಿನ ದಾರಿ 48 ಕಿ.ಮೀ., ದಾರದಳತೆ 41 ಎಂದರೆ ಮಗಳಿಗೆ ತಕ್ಷಣ ತಿಳಿಯಿತು. ಕೇಳಲು ಹೇಗಿದೆ, ಹೇಳಿ.

ಎರಡನೆಯದು ಸಮಯ. ಗಂಟೆಗೆ 850 ಕಿ.ಮೀ. ಹಿಡಿದರೆ ಅಷ್ಟು ದೂರಕ್ಕೆ ನಾಲ್ಕು ಗಂಟೆ, ಏರಲು ಇಳಿಯಲು ಇನ್ನೊಂದರ್ಧ ಗಂಟೆ ಸೇರಿಸಬೇಕು. ಇದಕ್ಕೆ ‘ಹಾರಾಟದ ಸಮಯ’ ಎಂದು ಬರೆದಿದ್ದೆ. ಮುಂಬೈನ ಸಹಾರ್ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ತಂಗಿಯ ಮಗಳು ಓದಿ, "ದೊಡ್ಡಮ್ಮ, ಟಿಕೆಟ್‌ನಲ್ಲಿ ಇರೋದು ಇದಲ್ಲ, ಅದು ಬ್ಲಾಕ್ ಟೈಮು" ಎಂದಳು. ವಿಮಾನದ ಗಾಲಿಗೆ ಕೊಟ್ಟ ಅಡ್ಡಕಟ್ಟೆ (ಅದೇ ‘ಬ್ಲಾಕ್’) ತೆಗೆದು ಹೊರಟಾಗಿನಿಂದ, ಇಳಿದ ಊರಲ್ಲಿ ಮತ್ತೆ ಅಡ್ಡ ಕೊಡುವ ತನಕದ ಲೆಕ್ಕ. ರನ್‌ವೇಗೆ ಸಾಲಿನಲ್ಲಿ ಕಾಯುವುದೂ ಅದರಲ್ಲೇ, ಇಳಿಯಲು ಜಾಗ ಸಿಗದೆ ಮೇಲೆ ಸುತ್ತು ಹೊಡೆಯುವುದೂ ಅದರಲ್ಲೇ. ಹಾಗಿದ್ದರೆ ನೆಲದಲ್ಲಿ ಸುಮ್ನೆ ನಿಂತದ್ದನ್ನು ‘ಹಾರಾಟ’ ಎನ್ನುವುದು ಹೇಗೆ? ‘ಪ್ರಯಾಣದ ಸಮಯ’ ಎಂದರೆ ಮನೆಯಿಂದ ರಿಕ್ಷಾ ಹತ್ತಿದ್ದೂ ಸೇರಿಬಿಡುತ್ತದೆ.

ಒಂದು ಸಹಾಯ ಮಾಡಿ. ನಿಮ್ಮ ಕಡೆ ಲಾರಿ ಜರುಗದಂತೆ ಗಾಲಿಗೆ ಇಡುವ ಕಲ್ಲಿಗೆ, ಮರದ ತುಂಡಿಗೆ ಏನನ್ನುತ್ತಾರೆ? ಅದು ಸಿಕ್ಕರೆ ಎರಡನೆಯ ಪದ ನಾನೇ ಕಟ್ಟಿಕೊಳ್ಳುತ್ತೇನೆ.