ಸಹಾಯ ಬೇಕು: ಟ್ರ್ಯಾಕಲ್ಲಿ ತಿರುವಿಗೆ ಹೋಗುವಾಗ ಬ್ರೇಕ್ ಯಾವಾಗ ಪೂರ್ತಿ ಬಿಡ್ಬೇಕು?

ಟ್ರ್ಯಾಕ್ ಡೇ (ಸ್ವಂತ ಗಾಡೀನ ರೇಸ್ ಟ್ರ್ಯಾಕಲ್ಲಿ ಓಡಿಸೋದು), ಆಟೋಕ್ರಾಸ್ (ಕೋನ್‌ಗಳ ನಡುವೆ ಟೈಮ್ ನೋಡಿ ಓಡಿಸೋದು) ಓಡಿಸಿ ಅನುಭವ ಇರೋರು ದಯವಿಟ್ಟು ಹೇಳಿ, ತಲೆ ಕೆಟ್ಟು ಹೋಗಿದೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ನನ್ನ ಸ್ವಿಫ್ಟ್ ತಗೊಂಡು ಹೋಗ್ತಿದೀನಿ, ಸ್ಟಾಕ್ ಗಾಡಿ (ಏನೂ ಬದಲಾಯಿಸಿಲ್ಲ), ಫ್ರಂಟ್ ವೀಲ್ ಡ್ರೈವ್. ನೇರದಲ್ಲೇ ಬ್ರೇಕ್ ಮುಗಿಸಿ ಆಮೇಲೆ ತಿರುಗಿಸಿದ್ರೆ ಗಾಡಿ ಆರಾಮಾಗಿ ಹೋಗುತ್ತೆ ಆದ್ರೆ ಲ್ಯಾಪ್ ಟೈಮ್ ಇಳೀತಿಲ್ಲ, ಅದಕ್ಕೆ ಟ್ರೇಲ್ ಬ್ರೇಕಿಂಗ್ (ತಿರುಗ್ತಾ ಬ್ರೇಕ್ ನಿಧಾನಕ್ಕೆ ಬಿಡೋದು) ಕಲಿಯೋಣ ಅಂತ ತಿರುವಿನ ಒಳಗಡೆ ತನಕ ಬ್ರೇಕ್ ಹಿಡಿದ್ರೆ ಒಂದ್ಸಲ ಮುಂದಿನ ಟೈರ್ ಕಿರ್ರ್ ಅಂತ ಆಚೆಗೆ ಜಾರುತ್ತೆ, ಇನ್ನೊಂದ್ಸಲ ಅದೇ ತಿರುವಲ್ಲಿ ಹಿಂಭಾಗ ಹಗುರಾಗಿ ತಿರುಗೋಕೆ ನೋಡುತ್ತೆ. ಟೈರ್ ಬಿಸಿ ಆದ್ಮೇಲೆ ಗಾಳಿ ಕಮ್ಮಿ ಮಾಡಿದೆ, ಬ್ರೇಕ್ ಸ್ವಲ್ಪ ಮುಂಚೆ ಹಾಕಿದೆ, ಸ್ಟೀರಿಂಗ್ ನಿಧಾನಕ್ಕೆ ತಿರುಗಿಸಿದೆ, ಆದ್ರೂ ಮುಂದಿನ ಟೈರುಗಳ ಹೊರ ಅಂಚು ಸೈಡ್‌ವಾಲ್ ಮೇಲಿರೋ ತ್ರಿಕೋನದ ಗುರುತು ತನಕ ಸವೀತಾನೇ ಇದೆ. ಟೈರಿನ ಹಿಡಿತ ಬ್ರೇಕಿಗೂ ತಿರುಗೋಕೂ ಹಂಚಿ ಹೋಗುತ್ತೆ, ಸ್ಟೀರಿಂಗ್ ಜಾಸ್ತಿ ಆದಷ್ಟೂ ಬ್ರೇಕ್ ಕಮ್ಮಿ ಆಗ್ಬೇಕು ಅನ್ನೋದು ಗೊತ್ತು, ಕಾಲಲ್ಲಿ ಅದು ಬರ್ತಿಲ್ಲ.

ಸ್ಟೀರಿಂಗ್ ತಿರುಗಿಸೋಕೆ ಶುರು ಮಾಡೋ ಹೊತ್ತಿಗೆ ಪೆಡಲ್ ಮೇಲೆ ಎಷ್ಟು ಒತ್ತಡ ಇರ್ಬೇಕು, ಅಪೆಕ್ಸಿಗೆ (ಗಾಡಿ ತಿರುವಿನ ಒಳ ಅಂಚಿಗೆ ತುಂಬ ಹತ್ರ ಬರೋ ಜಾಗ) ಮುಂಚೆನೇ ಪೂರ್ತಿ ಬಿಡ್ಬೇಕಾ ಇಲ್ಲ ಅಲ್ಲಿ ತನಕ ಹಿಡೀಬೇಕಾ?