ಸಹಾಯ ಬೇಕು: ಚಿಕ್ಕ ಮಕ್ಕಳಿಗೆ ಚಿತ್ರಕಲೆ ಕಲಿಸುವ ಕ್ರಮ ಯಾವುದು?

ಗುಂಪಿನ ಎಲ್ಲ ಗುರುಗಳಿಗೆ ನಮಸ್ಕಾರ. ಗುಳೇದಗುಡ್ಡದ ಸಮೀಪದ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಮೂರು ಮತ್ತು ನಾಲ್ಕನೆಯ ತರಗತಿಗಳಿಗೆ ಪಾಠ ಮಾಡುತ್ತಿದ್ದು, ಪ್ರತ್ಯೇಕ ಚಿತ್ರಕಲಾ ಶಿಕ್ಷಕರಿಲ್ಲದ ಕಾರಣ ಆ ಅವಧಿಯೂ ನನ್ನ ಪಾಲಿಗೇ ಬಂದಿದೆ.

ಹಲಗೆಯ ಮೇಲಿನದನ್ನು ನೋಡಿ ಬರೆಯಿರಿ ಎಂದರೆ ಎಲ್ಲರ ಹಾಳೆಯಲ್ಲೂ ಅದೇ ಎರಡು ಗುಡ್ಡ, ನಡುವೆ ಅದೇ ಸೂರ್ಯ, ಮನಸ್ಸಿಗೆ ಬಂದದ್ದನ್ನು ಬರೆಯಿರಿ ಎಂದು ಬಿಟ್ಟರೆ ಅರ್ಧದಷ್ಟು ಮಕ್ಕಳು "ಏನ್ ತಗೀಬೇಕ್ರಿ ಸರ?" ಎಂದು ಖಾಲಿ ಹಾಳೆ ಹಿಡಿದು ಕೂರುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಎರೆಮಣ್ಣು ಕೊಟ್ಟಾಗ ಮಾತ್ರ ಯಾರೂ ಹೀಗೆ ಕೇಳಲಿಲ್ಲ; ಡುಬ್ಬ ಎಷ್ಟು ಎತ್ತರ ಇರಬೇಕು, ಕೋಡು ಯಾವ ಕಡೆ ಬಾಗಬೇಕು ಎಂದು ತಮ್ಮತಮ್ಮಲ್ಲೇ ವಾದಿಸಿ, ಒಂದಕ್ಕೊಂದು ಹೋಲದ ಎತ್ತುಗಳನ್ನು ಮಾಡಿದರು.

ಈ ವಯಸ್ಸಿನ ಮಕ್ಕಳು ಕಣ್ಣಿಗೆ ಕಂಡದ್ದಕ್ಕಿಂತ ತಮಗೆ ಗೊತ್ತಿರುವುದನ್ನು ಬರೆಯುವುದು ಸಹಜವಾದ್ದರಿಂದ, ಗೋಡೆಯಾಚೆಯ ಒಲೆಯನ್ನೂ ತೋರಿಸುವ ಮನೆಯ ಚಿತ್ರವನ್ನು ತಿದ್ದಬಾರದೆಂಬುದು ನನ್ನ ಅಭಿಪ್ರಾಯ. ಪಾಲಕರಿಗೆ ಮಾತ್ರ ಅದು ಒಪ್ಪಿಗೆಯಾಗುತ್ತಿಲ್ಲ.

ಊರಿನಲ್ಲಿ ನೇಯುವ ಕುಪ್ಪಸದ ಬಟ್ಟೆಯಾದ ಖಣದ ಬುಟ್ಟಾಗಳು (ಸಣ್ಣ ನೇಯ್ಗೆಯ ವಿನ್ಯಾಸಗಳು), ಕಸೂತಿಯ ತೇರು ಮತ್ತು ಗೋಪುರಗಳನ್ನು ಆಧಾರವಾಗಿಟ್ಟುಕೊಂಡು ಪಾಠ ಮಾಡಿದವರು ಇದ್ದರೆ, ಅದು ಮತ್ತೆ ನಕಲು ಮಾಡಿಸುವುದಕ್ಕೇ ಇಳಿಯದಂತೆ ಹೇಗೆ ನೋಡಿಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಬೇಕು. ಬಾದಾಮಿಯ ಗುಹೆಗಳಿಗೆ ಕರೆದೊಯ್ದು ಅಲ್ಲಿಯೇ ಕೂಡಿಸಿ ಚಿತ್ರ ತೆಗೆಸಿದ ಅನುಭವವಿದ್ದವರು, ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು ಬೇಕಾಗುತ್ತಾರೆ ಎಂಬುದನ್ನೂ ಬರೆದರೆ ಉಪಕಾರವಾಗುತ್ತದೆ.